ಟಿಸಿಎಫ್ ಕೆನಡಾ ಬರವಣಿಗೆ: ಮೂಲದ ವಾಕ್ಯ ಬಿಡಿ, ಮಾತು ಹಿಡಿಯಿರಿ

ಪ್ರಶ್ನೆ: ನಾನು ಮೈಸೂರಿನಲ್ಲಿ ನರ್ಸ್ ಆಗಿದ್ದೇನೆ. ಕೆನಡಾದ ಕಾಯಂ ನಿವಾಸಕ್ಕಾಗಿ ಟಿಸಿಎಫ್ ಕೆನಡಾ ಎಂಬ ಫ್ರೆಂಚ್ ಭಾಷಾ ಪರೀಕ್ಷೆ ಬರೆದೆ. ಓದು, ಆಲಿಕೆ, ಮಾತು ಮೂರರಲ್ಲೂ ಬೇಕಾದಷ್ಟು ಅಂಕ ಬಂತು. ಬರವಣಿಗೆಯಲ್ಲಿ ಮಾತ್ರ 20ಕ್ಕೆ 9. ಮೂರನೆಯ ಪ್ರಶ್ನೆಯಲ್ಲಿ ಕೊಡುವ ಎರಡು ಬರಹಗಳನ್ನು ಸ್ವಂತ ಮಾತಿನಲ್ಲಿ ಹೇಳಬೇಕಾದಾಗ ಮೂಲದ ವಾಕ್ಯಗಳನ್ನೇ ತಿರುಗಿಸಿ ಬರೆಯುತ್ತೇನೆ ಎಂದು ನಮ್ಮ ಶಿಕ್ಷಕಿ ಹೇಳುತ್ತಾರೆ. ಸಮಾನಾರ್ಥಕ ಪದಗಳ ದೊಡ್ಡ ಪಟ್ಟಿಯನ್ನೇ ಬಾಯಿಪಾಠ ಮಾಡಿದ್ದೇನೆ. ಆದರೂ ಪ್ರಯೋಜನವಾಗಿಲ್ಲ. ದಾರಿ ತೋರಿಸಿ.

ಉತ್ತರ: ಒಂದೇ ಅಂಕಕ್ಕೆ ತಪ್ಪಿದ ಸಂಕಟ ಅರ್ಥವಾಗುತ್ತದೆ. ಕೆನಡಾದ ವಲಸೆ ವ್ಯವಸ್ಥೆಯಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಫ್ರೆಂಚ್ ಬಲ್ಲವರಿಗಾಗಿ ನಡೆಯುವ ಆಯ್ಕೆಗೆ ನಾಲ್ಕೂ ವಿಭಾಗಗಳಲ್ಲಿ ಕೆನಡಾದ ಫ್ರೆಂಚ್ ಭಾಷಾ ಮಾನದಂಡದ ಏಳನೆಯ ಮಟ್ಟ ಬೇಕು, ಬರವಣಿಗೆಯಲ್ಲಿ ಅದು 10 ಅಂಕದಿಂದ ಆರಂಭವಾಗುತ್ತದೆ. ನೀವು ಹೊಸ್ತಿಲಲ್ಲೇ ಇದ್ದೀರಿ. ಸಮಾನಾರ್ಥಕ ಪದಗಳ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮನ್ನು ಮೂಲದ ವಾಕ್ಯಕ್ಕೆ ಕಟ್ಟಿಹಾಕುತ್ತಿರುವುದೇ ಅದು ಎಂಬುದು ನನ್ನ ಅನಿಸಿಕೆ.

ಮೊದಲು ಲೆಕ್ಕ ನೋಡಿ. ಮೂರನೆಯ ಉತ್ತರ ಒಟ್ಟು 120ರಿಂದ 180 ಪದಗಳು. ಅದರಲ್ಲಿ ಎರಡೂ ಬರಹಗಳ ನಿಲುವನ್ನು ಹೇಳುವ ಮೊದಲ ಭಾಗಕ್ಕೆ 40ರಿಂದ 60 ಪದಗಳು, ನಿಮ್ಮ ಸ್ವಂತ ಅಭಿಪ್ರಾಯಕ್ಕೆ 80ರಿಂದ 120. ಅಂದರೆ ಒಂದೊಂದು ಬರಹಕ್ಕೆ ಸಿಗುವುದು ಇಪ್ಪತ್ತು ಮೂವತ್ತು ಪದ, ಹೆಚ್ಚೆಂದರೆ ಎರಡು ವಾಕ್ಯ. ಇಷ್ಟು ಜಾಗದಲ್ಲಿ ಮೂಲದ ಬೆನ್ನು ಹತ್ತಿ ವಾಕ್ಯಕ್ಕೊಂದು ವಾಕ್ಯ ಬರೆಯಲು ಸಾಧ್ಯವೇ ಇಲ್ಲ. ಪರೀಕ್ಷೆ ಕೇಳುತ್ತಿರುವುದು ಬರೆದವರು ಏನು ವಾದಿಸುತ್ತಿದ್ದಾರೆ ಎಂಬುದನ್ನು.

ಶಾಲೆಯಲ್ಲಿ ಮೊಬೈಲ್ ಎಂಬ ವಿಷಯವನ್ನೇ ತೆಗೆದುಕೊಳ್ಳೋಣ. ಫ್ರಾನ್ಸಿನಲ್ಲಿ 2018ರಲ್ಲಿ ಇದರ ಬಗ್ಗೆ ಕಾನೂನೇ ಬಂದದ್ದರಿಂದ ಅಲ್ಲಿ ಎಲ್ಲರಿಗೂ ಪರಿಚಿತವಾದ ಚರ್ಚೆ. (ಫ್ರೆಂಚ್ ಮಾತುಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಕೊಡುತ್ತಿದ್ದೇನೆ.) ಮೂಲದಲ್ಲಿ ಹೀಗೊಂದು ವಾಕ್ಯವಿದೆ ಎನ್ನಿ: ‘ಲೆ ಜೆಲೆವ್ ನಾರಿವ್ ಪಾ ಆ ಸ ಕೋಂಸಾಂತ್ರೆ ಪಾರ್ಸ್ ಕಿಲ್ ರಗಾರ್ದ್ ಸಾಂ ಸೆಸ್ ಲರ್ ತೆಲೆಫೋನ್.’ ಮಕ್ಕಳು ಸದಾ ಫೋನ್ ನೋಡುತ್ತಿರುವುದರಿಂದ ಅವರಿಗೆ ಗಮನ ಕೊಡಲು ಆಗುತ್ತಿಲ್ಲ ಎಂದು ಅರ್ಥ.

ಪಟ್ಟಿ ಕಲಿತವರು ಇದನ್ನು ಹೀಗೆ ಬದಲಿಸುತ್ತಾರೆ: ‘ಲೆ ಜೆತ್ಯುದಿಯಾಂ ನ ರೇಯುಸಿಸ್ ಪಾ ಆ ಸ ಕೋಂಸಾಂತ್ರೆ ಕಾರ್ ಇಲ್ ರಗಾರ್ದ್ ತೂಜೂರ್ ಲರ್ ಪೋರ್ತಾಬ್ಲ್.’ ಪದಗಳು ಬದಲಾದವು, ಅಸ್ಥಿಪಂಜರ ಹಾಗೇ ಉಳಿಯಿತು. ಅದೇ ಕರ್ತೃ, ಅದೇ ನಿಷೇಧ, ಅದೇ ಕಾರಣವಾಕ್ಯ, ಅದೇ ಸಾಲು. ಮೌಲ್ಯಮಾಪಕರ ಕಣ್ಣಿಗೆ ಇದು ಮೂಲದ ನೆರಳಾಗಿಯೇ ಕಾಣುತ್ತದೆ. ಸಾಲದ್ದಕ್ಕೆ ತಪ್ಪೂ ನುಸುಳಿದೆ. ‘ಎಲೆವ್’ ಎಂದರೆ ಶಾಲೆಯ ಮಕ್ಕಳು, ‘ಎತ್ಯುದಿಯಾಂ’ ಎಂದರೆ ವಿಶ್ವವಿದ್ಯಾಲಯದ ಮಟ್ಟದವರು. ಎರಡೂ ‘ವಿದ್ಯಾರ್ಥಿ’ ಎಂದು ಪಟ್ಟಿಯಲ್ಲಿ ಅಕ್ಕಪಕ್ಕ ಕೂತಿದ್ದವು, ಅಷ್ಟೇ.

ಈಗ ಇದನ್ನು ನೋಡಿ: ‘ಸಲೋಂ ಲ ಪ್ರಮಿಯೆ ದೊಕ್ಯುಮಾಂ, ಲ ತೆಲೆಫೋನ್ ನ್ವಿ ಆ ಲಾತಾಂಸಿಯೋಂ ಆಂ ಕ್ಲಾಸ್.’ ಮೊದಲ ಬರಹದ ಪ್ರಕಾರ ಫೋನ್ ತರಗತಿಯಲ್ಲಿ ಗಮನಕ್ಕೆ ಕುತ್ತು ತರುತ್ತದೆ. ಕರ್ತೃವಿನ ಸ್ಥಾನ ಮಕ್ಕಳಿಂದ ಫೋನಿಗೆ ಬಂತು. ‘ಆಗುತ್ತಿಲ್ಲ’ ಎಂಬ ನಿಷೇಧ ಹೋಗಿ ‘ನ್ವೀರ್’ ಎಂಬ ಒಂದೇ ಕ್ರಿಯಾಪದ ಕೆಲಸ ಮಾಡಿತು. ಗಮನ ಕೊಡುವುದು ಎಂಬ ಕ್ರಿಯೆ ‘ಗಮನ’ ಎಂಬ ನಾಮಪದವಾಯಿತು. ಕಾರಣ ಕ್ರಿಯಾಪದದೊಳಗೇ ಸೇರಿಕೊಂಡದ್ದರಿಂದ ‘ಪಾರ್ಸ್ ಕ’ (ಏಕೆಂದರೆ) ಬೇಕಾಗಲೇ ಇಲ್ಲ. ‘ತೆಲೆಫೋನ್’ ಎಂಬ ಪದವನ್ನು ಮಾತ್ರ ನಾನು ಮುಟ್ಟಲಿಲ್ಲ. ವಿಷಯದ ಹೆಸರನ್ನು ಬದಲಿಸಲೇಬೇಕು ಎಂಬ ಹಟ ಬೇಡ, ಅದರಿಂದ ಅರ್ಥ ಕೆಡುವುದೇ ಹೆಚ್ಚು.

ಎರಡನೆಯ ಬರಹದಲ್ಲಿ ಉದಾಹರಣೆಗಳ ಸಾಲೇ ಇರಬಹುದು: ಮಕ್ಕಳು ಫೋನಿನಲ್ಲಿ ತಮ್ಮ ಉಚ್ಚಾರಣೆಯನ್ನು ಧ್ವನಿಮುದ್ರಿಸಿಕೊಳ್ಳುತ್ತಾರೆ, ಗೊತ್ತಿಲ್ಲದ ಪದ ಹುಡುಕುತ್ತಾರೆ, ಮ್ಯೂಸಿಯಂನ ಚಿತ್ರಗಳನ್ನು ನೋಡುತ್ತಾರೆ. ಇವನ್ನು ಒಂದೊಂದಾಗಿ ಹೇಳಹೊರಟರೆ ಪದಮಿತಿ ಮುಗಿಯುತ್ತದೆ. ಇವೆಲ್ಲ ಸೇರಿ ಏನು ಎಂದು ಕೇಳಿಕೊಳ್ಳಿ. ಬೋಧನೆಯ ಸಾಧನ. ‘ಲೋತ್ರ್, ಆಂ ರವಾಂಶ್, ಇ ವುವಾ ಎಂನ್ ಊತಿ ಪೆದಾಗೊಜಿಕ್’: ಇನ್ನೊಂದು ಬರಹ, ಇದಕ್ಕೆ ಪ್ರತಿಯಾಗಿ, ಅದನ್ನು ಬೋಧನೆಯ ಸಾಧನವಾಗಿ ಕಾಣುತ್ತದೆ. ಇಷ್ಟಾದರೆ ಎರಡು ನಿಲುವುಗಳೂ ಎದುರುಬದುರು ನಿಂತವು, ಕೈಯಲ್ಲಿ ಇನ್ನೂ ಇಪ್ಪತ್ತಕ್ಕೂ ಹೆಚ್ಚು ಪದಗಳು ಉಳಿದಿವೆ. ಒಂದೊಂದು ಬರಹದಿಂದ ಇನ್ನೊಂದು ಮುಖ್ಯ ಅಂಶ ಸೇರಿಸಿ.

ಅರ್ಥದ ಬಿಗಿಯನ್ನು ಮಾತ್ರ ಸಡಿಲಿಸಬೇಡಿ. ಮೂಲದಲ್ಲಿ ‘ಪ’ (ಆಗಬಹುದು) ಎಂದಿದ್ದರೆ ನಿಮ್ಮಲ್ಲೂ ‘ಬಹುದು’ ಇರಲಿ. ಕೆಲವು ಶಿಕ್ಷಕರು ಎಂದಿದ್ದರೆ ಎಲ್ಲ ಶಿಕ್ಷಕರು ಎಂದಾಗದಿರಲಿ. ‘ಗ್ರಾಸ್ ಆ’ ಒಳ್ಳೆಯ ಫಲದ ಕಾರಣಕ್ಕೆ, ‘ಆ ಕೋಜ್ ದ’ ಹೆಚ್ಚಾಗಿ ಕೆಟ್ಟ ಫಲದ ಕಾರಣಕ್ಕೆ. ಅದಲು ಬದಲಾದರೆ ಲೇಖಕರ ಪಕ್ಷವೇ ಬದಲಾಗುತ್ತದೆ. ಮೊದಲ ಭಾಗದಲ್ಲಿ ನಿಮ್ಮ ಅಭಿಪ್ರಾಯದ ಸುಳಿವೂ ಬೇಡ.

ಅಭ್ಯಾಸಕ್ಕೆ ನಾನು ಎಲ್ಲರಿಗೂ ಹೇಳುವುದು ಒಂದೇ ಕ್ರಮ. ಬರಹವನ್ನು ಎರಡು ಸಲ ಓದಿ, ಮುಚ್ಚಿಡಿ. ಬರೆದವರು ಪರವೋ ವಿರೋಧವೋ, ಯಾಕೆ ಎಂಬುದನ್ನು ಮೂರು ನಾಲ್ಕು ಫ್ರೆಂಚ್ ನಾಮಪದಗಳಲ್ಲಿ ಗುರುತು ಹಾಕಿಕೊಳ್ಳಿ. ಮೂಲವನ್ನು ನೋಡದೆ ಅವುಗಳಿಂದ ವಾಕ್ಯ ಕಟ್ಟಿ, ಆಮೇಲೆ ತೆರೆದು ಅರ್ಥ ತಾಳೆ ನೋಡಿ. ಕನ್ನಡದಲ್ಲಿ ಅರ್ಥ ಮಾಡಿಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಆದರೆ ಪೂರ್ತಿ ವಾಕ್ಯವನ್ನು ಕನ್ನಡದಲ್ಲಿ ಕಟ್ಟಬೇಡಿ. ‘ಹೋಗಿ, ನೋಡಿ, ತಿಳಿದುಕೊಂಡು’ ಎಂದು ಸಾಗಿ ಕೊನೆಗೆ ಕ್ರಿಯಾಪದಕ್ಕೆ ಬರುವ ನಮ್ಮ ವಾಕ್ಯವನ್ನು ಫ್ರೆಂಚಿಗೆ ಇಳಿಸಲು ಹೋದರೆ ಸಿಕ್ಕುಗಳೇ ಹೆಚ್ಚು. 60 ನಿಮಿಷಗಳಲ್ಲಿ ಮೂರೂ ಉತ್ತರ ಮುಗಿಯಬೇಕು, ಈ ಮೂರನೆಯದಕ್ಕೆ ಕನಿಷ್ಠ 25 ನಿಮಿಷ ಕಾಪಾಡಿಕೊಳ್ಳಿ.

ಪ್ರಶ್ನೆ: ಟಿಸಿಎಫ್ ಬದಲು ಟೆಫ್ ಕೆನಡಾ ಎಂಬ ಇನ್ನೊಂದು ಫ್ರೆಂಚ್ ಪರೀಕ್ಷೆ ಬರೆದರೆ ಈ ತಾಪತ್ರಯವೇ ಇಲ್ಲ ಎನ್ನುತ್ತಾರೆ. ನಿಜವೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಅರ್ಧ ನಿಜ. ಟೆಫ್‌ನಲ್ಲಿ ಎರಡು ಬರಹಗಳನ್ನು ಸಂಕ್ಷೇಪಿಸುವ ಪ್ರಶ್ನೆ ಇಲ್ಲ. ಒಂದು ಸುದ್ದಿಯ ಆರಂಭ ಕೊಡುತ್ತಾರೆ, ಅದನ್ನು ಕನಿಷ್ಠ 80 ಪದಗಳಲ್ಲಿ ಮುಂದುವರಿಸಬೇಕು. ಇನ್ನೊಂದರಲ್ಲಿ ಪತ್ರಿಕೆಯ ಹೇಳಿಕೆಯೊಂದಕ್ಕೆ ಕನಿಷ್ಠ 200 ಪದಗಳ ಪತ್ರ. ಆ ಪತ್ರದ ಮೊದಲ ಸಾಲಿನಲ್ಲಿ ಹೇಳಿಕೆಯನ್ನು ನಿಮ್ಮ ಮಾತಿನಲ್ಲಿ ಹೇಳಲೇಬೇಕಾಗುತ್ತದೆ. ಸುದ್ದಿಗೆ ಭೂತಕಾಲದ ರೂಪಗಳ ಮೇಲೆ ಒಳ್ಳೆಯ ಹಿಡಿತ ಬೇಕು. ಕಥನ ಸಲೀಸಾಗಿ ಬರುವವರು ಟೆಫ್ ಆರಿಸಿಕೊಳ್ಳಬಹುದು. ಮೇಲಿನ ಮೈಸೂರಿನವರಂತೆ ಒಂದು ಅಂಕದ ಅಂತರದಲ್ಲಿ ಇರುವವರು ಪರೀಕ್ಷೆ ಬದಲಿಸಿ ಹೊಸ ಪ್ರಶ್ನೆಗಳಿಗೆ ಒಗ್ಗಿಕೊಳ್ಳುವುದಕ್ಕಿಂತ, ಅದೇ ಮೂರನೆಯ ಪ್ರಶ್ನೆಯ ಮೇಲೆ ಕೆಲವು ವಾರ ಬೆವರು ಹರಿಸುವುದೇ ಮೇಲು.