ನಾಳಿನ ಮಳೆಗೆ ಇಂದು ರುಜು ಹಾಕುವ ಕೆಲಸ

(ಪತ್ರ ಬರೆದವರು ಭೌತಶಾಸ್ತ್ರ ಪದವಿಯ ಕೊನೆಯ ವರ್ಷದಲ್ಲಿರುವ ವಿದ್ಯಾರ್ಥಿನಿ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: ಸರ್ಕಾರಿ ಹವಾಮಾನ ಇಲಾಖೆಯಲ್ಲಿ ಮುನ್ಸೂಚನೆಯ ಕೆಲಸಕ್ಕೆ ಸೇರುವ ಆಸೆ ಅವರಿಗಿದೆ. ತಂದೆ 'ಬೈಸಿಕೊಳ್ಳಲಿಕ್ಕೆ ಸಂಬಳ ಕೊಡುವ ಕೆಲಸ ಅದು' ಎನ್ನುತ್ತಾರಂತೆ. ಗೆಳತಿಯರು 'ಇನ್ನು ಕೆಲವೇ ವರ್ಷ, ಆಮೇಲೆ ಎಲ್ಲವನ್ನೂ ಎಐ ಹೇಳುತ್ತೆ, ನೀನು ಹೋಗಿ ಏನು ಮಾಡ್ತೀಯ' ಎನ್ನುತ್ತಾರಂತೆ. ಏನು ಓದಬೇಕು, ಆ ಕಚೇರಿಯಲ್ಲಿ ನಿಜಕ್ಕೂ ಏನು ನಡೆಯುತ್ತದೆ, ಈ ಕೆಲಸ ಉಳಿಯುತ್ತದೆಯೇ ಎಂದು ಕೇಳಿದ್ದಾರೆ.)

ಪ್ರಿಯ ಓದುಗರಿಗೆ,

ನಿಮ್ಮ ತಂದೆಯವರ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಖಾಸಗಿ ಕಂಪನಿಯ ಆ್ಯಪ್ ಮಳೆ ಎಂದು ತೋರಿಸಿ ಬಿಸಿಲು ಬಂದರೆ ಜನ ಆ್ಯಪ್ ಬದಲಿಸಿ ಸುಮ್ಮನಾಗುತ್ತಾರೆ. ಸರ್ಕಾರಿ ಇಲಾಖೆ ಎಚ್ಚರಿಕೆ ಕೊಟ್ಟರೆ ಶಾಲೆಗಳು ಮುಚ್ಚುತ್ತವೆ, ಮೀನುಗಾರರ ದೋಣಿಗಳು ದಡದಲ್ಲೇ ಉಳಿಯುತ್ತವೆ, ಜಲಾಶಯದ ಗೇಟು ಎತ್ತಬೇಕೋ ಬೇಡವೋ ಎಂದು ಎಂಜಿನಿಯರುಗಳು ಸಭೆ ಕೂರುತ್ತಾರೆ. ಎಚ್ಚರಿಕೆ ಕೊಟ್ಟೂ ಏನೂ ಆಗದಿದ್ದರೆ ಒಂದು ದಿನದ ದುಡಿಮೆ ಕಳೆದುಕೊಂಡವರು ಬೈಯುತ್ತಾರೆ. ಕೊಡದೆ ಆಗಿಬಿಟ್ಟರೆ, ಬೈಯಬೇಕಾದ ಕೆಲವರು ಬದುಕಿಯೇ ಇರುವುದಿಲ್ಲ.

ಆದ್ದರಿಂದ ಹವಾಮಾನ ವಿಜ್ಞಾನ ನಿಮಗೆ ಇಷ್ಟವೇ ಎಂಬುದೊಂದೇ ಇಲ್ಲಿ ಸಾಲದು. ಮಾಹಿತಿ ಅರೆಬರೆ ಇರುವಾಗಲೇ ಗಡಿಯಾರ ನೋಡಿಕೊಂಡು ತೀರ್ಮಾನ ಬರೆದು, ಅದರ ಕೆಳಗೆ ರುಜು ಹಾಕಿ, ಮಾರನೇ ದಿನ ಅದಕ್ಕೆ ಉತ್ತರ ಕೊಡಲು ನಿಮ್ಮಿಂದ ಆಗುತ್ತದೆಯೇ? ಆಗದವರೇನೂ ದಡ್ಡರಲ್ಲ, ಅವರಿಗೆ ಸಂಶೋಧನೆ ಒಳ್ಳೆಯ ಜಾಗ. ಅಲ್ಲಿ ಇನ್ನೊಂದು ತಿಂಗಳು ಯೋಚಿಸುತ್ತೇನೆ ಎನ್ನಬಹುದು. ಮುನ್ಸೂಚನೆಯ ಮೇಜಿನಲ್ಲಿ ಇನ್ನೊಂದು ಗಂಟೆಯನ್ನೂ ಯಾರೂ ಕೊಡುವುದಿಲ್ಲ.

'ಇವರು ಹೇಳಿದ್ದು ಯಾವಾಗ ನಿಜವಾಗಿದೆ' ಎಂದು ಹವಾಮಾನ ಇಲಾಖೆಯ ಬಗ್ಗೆ ಜನ ಆಡುವ ಮಾತಿಗೂ ಒಂದು ಹಳೆಯ ಕಥೆ ಇದೆ. 1884ರಲ್ಲಿ ಅಮೆರಿಕದ ಹವಾಮಾನ ಸೇವೆ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ ಕೋರ್ ಕೈಯಲ್ಲಿತ್ತು. ಅಲ್ಲಿದ್ದ ಜಾನ್ ಪಾರ್ಕ್ ಫಿನ್ಲಿ ಸುಂಟರಗಾಳಿ ಬರುತ್ತದೆಯೋ ಇಲ್ಲವೋ ಎಂದು ಪ್ರದೇಶವಾರು 2,803 ಮುನ್ಸೂಚನೆ ಬರೆದು, ಶೇ. 96.6ರಷ್ಟು ಸರಿಯಾಗಿವೆ ಎಂದು ಲೆಕ್ಕ ಕೊಟ್ಟರು. ಟೀಕಾಕಾರರು ಅದೇ ಅಂಕಿಗಳನ್ನು ತಿರುವಿ ನೋಡಿದರು. ಪ್ರತಿ ಸಲವೂ ಕಣ್ಣು ಮುಚ್ಚಿ 'ಬರುವುದಿಲ್ಲ' ಎಂದು ಬರೆದಿದ್ದರೆ ಶೇ. 98.2 ಸಿಗುತ್ತಿತ್ತು! ಫಿನ್ಲಿ 'ಬರುತ್ತದೆ' ಎಂದದ್ದು 100 ಸಲ, ಅದರಲ್ಲಿ ಬಂದದ್ದು 28 ಸಲ. ಹಾಗಂತ ಅವರನ್ನು ನಗೆಪಾಟಲು ಮಾಡುವುದು ಅನ್ಯಾಯ. ಒಟ್ಟು ಬಂದ 51ರಲ್ಲಿ 28ನ್ನು ಅವರು ಮೊದಲೇ ಹೇಳಿದ್ದರು, ಅದೂ ರಾಡಾರ್, ಉಪಗ್ರಹ ಯಾವುದೂ ಇಲ್ಲದ ಕಾಲದಲ್ಲಿ. ಸದಾ 'ಇಲ್ಲ' ಎನ್ನುವವನು ಒಂದನ್ನೂ ಹೇಳುತ್ತಿರಲಿಲ್ಲ. ಶೇಕಡಾವಾರು ಎಷ್ಟು ಸರಿ ಎಂಬ ಅಳತೆಗೋಲೇ ಇಲ್ಲಿ ಮೋಸ ಮಾಡುತ್ತದೆ. ಮುಂದೆ ದಶಕಗಳ ಕಾಲ ಅಲ್ಲಿನ ಸರ್ಕಾರಿ ಮುನ್ಸೂಚನೆಗಳಲ್ಲಿ ಸುಂಟರಗಾಳಿಯ ಹೆಸರೆತ್ತುವಂತೆಯೇ ಇರಲಿಲ್ಲ. ಜನ ಗಾಬರಿಯಾಗುತ್ತಾರೆ ಎಂಬುದು ಕಾರಣ. ಸರ್ಕಾರಿ ಕಚೇರಿಗಳಿಗೆ ಸುಮ್ಮನಿರುವುದು ಎಷ್ಟು ಸುಲಭದ ದಾರಿ ನೋಡಿ.

ಆ ದಾರಿ ಮುರಿದದ್ದು 1948ರ ಮಾರ್ಚ್‌ನಲ್ಲಿ. ಒಕ್ಲಹೋಮಾದ ಟಿಂಕರ್ ವಾಯುನೆಲೆಯ ಮೇಲೆ 20ನೇ ತಾರೀಖು ಸುಂಟರಗಾಳಿ ಎರಗಿ ವಿಮಾನಗಳನ್ನು ನುಚ್ಚುನೂರು ಮಾಡಿತು. ಅಲ್ಲಿನ ಹವಾಮಾನ ಅಧಿಕಾರಿಗಳಾದ ಅರ್ನೆಸ್ಟ್ ಫಾಬುಷ್ ಮತ್ತು ರಾಬರ್ಟ್ ಮಿಲ್ಲರ್ ಹಳೆಯ ನಕ್ಷೆಗಳನ್ನೆಲ್ಲ ಹರವಿಕೊಂಡು, ಇಂಥ ದಿನಗಳಿಗೆ ಮುಂಚೆ ಗಾಳಿ, ಒತ್ತಡ, ತೇವಾಂಶಗಳು ಹೇಗಿರುತ್ತವೆ ಎಂದು ಹುಡುಕಿದರು. ಐದೇ ದಿನಕ್ಕೆ, 25ರ ಬೆಳಗಿನ ನಕ್ಷೆ ಥೇಟ್ 20ರಂತೆಯೇ ಕಂಡಿತು. ಅದೇ ನೆಲೆಗೆ ಅದೇ ವಾರ ಮತ್ತೆ ಸುಂಟರಗಾಳಿ ಬರುವುದೆಂದರೆ ಲೆಕ್ಕಕ್ಕೇ ಸಿಗದ ಸಾಧ್ಯತೆ. ಮೇಲಧಿಕಾರಿ ನೇರವಾಗಿ ಕೇಳಿದರು: ಎಚ್ಚರಿಕೆ ಕೊಡುತ್ತೀರೋ ಇಲ್ಲವೋ? ಮಧ್ಯಾಹ್ನ ಇಬ್ಬರೂ ಕೊಟ್ಟರು. ವಿಮಾನಗಳನ್ನು ಒಳಗೆ ಸೇರಿಸಿದರು, ಜನರನ್ನು ಸುರಕ್ಷಿತ ಜಾಗಕ್ಕೆ ಕಳಿಸಿದರು. ಸಂಜೆ ಆರರ ಹೊತ್ತಿಗೆ ಸುಂಟರಗಾಳಿ ಬಂದೇಬಿಟ್ಟಿತು. ಬಾರದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಅವರ ವಿಜ್ಞಾನ ಅಷ್ಟೇ ಸರಿಯಾಗಿರುತ್ತಿತ್ತು, ಹೆಸರು ಮಾತ್ರ ಮಣ್ಣುಪಾಲಾಗುತ್ತಿತ್ತು.

ಇನ್ನು ಕಚೇರಿಯ ದಿನಚರಿ. ಟಿವಿಯಲ್ಲಿ ನಕ್ಷೆಯ ಮುಂದೆ ನಿಂತು ಮಾತಾಡುವವರನ್ನು ನೋಡಿ ಈ ಆಸೆ ಹುಟ್ಟಿದ್ದರೆ, ಅದು ಬೇರೆಯೇ ಕೆಲಸ. ಮುನ್ಸೂಚನಾ ಕೇಂದ್ರ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತದೆ, ಪಾಳಿಗಳಲ್ಲಿ ನಡೆಯುತ್ತದೆ. ಪಾಳಿ ಬದಲಾಗುವಾಗ ಹಿಂದಿನವರು ಮುಂದಿನವರಿಗೆ ವಾತಾವರಣದ ಕಥೆಯನ್ನು ಬಾಯಿಬಿಟ್ಟು ಹೇಳಿಯೇ ಹೋಗಬೇಕು: ಮುನ್ಸೂಚನೆಯ ಲೆಕ್ಕ ಹಾಕುವ ಯಾವ ಕಂಪ್ಯೂಟರ್ ಮಾದರಿ ಎಲ್ಲಿ ಹಾದಿ ತಪ್ಪುತ್ತಿದೆ, ಯಾವ ಮೋಡದ ಮೇಲೆ ಕಣ್ಣಿಡಬೇಕು ಎಂದು. ಜಗತ್ತಿನ ನೂರಾರು ಕೇಂದ್ರಗಳು ದಿನಕ್ಕೆರಡು ಸಲ, ಗ್ರೀನಿಚ್ ಕಾಲಮಾನದ ಮಧ್ಯರಾತ್ರಿ ಮತ್ತು ಮಧ್ಯಾಹ್ನಕ್ಕೆ ಹೊಂದಿಸಿ, ಒಂದೇ ಹೊತ್ತಿಗೆ ಬಲೂನ್ ಹಾರಿಸುತ್ತವೆ. ಅದಕ್ಕೆ ಕಟ್ಟಿದ ರೇಡಿಯೋಸಾಂಡ್ ಎಂಬ ಪುಟ್ಟ ಪೆಟ್ಟಿಗೆ ಉಷ್ಣತೆ, ತೇವಾಂಶ, ಗಾಳಿಯ ಲೆಕ್ಕವನ್ನು ರೇಡಿಯೋದಲ್ಲಿ ಕಳಿಸುತ್ತಾ ಸುಮಾರು 30 ಕಿಲೋಮೀಟರ್ ಏರುತ್ತದೆ. ಬಲೂನ್ ಉಬ್ಬಿ ಉಬ್ಬಿ ಒಡೆದರೆ ಅಲ್ಲಿಗೆ ಆ ಹೊತ್ತಿನ ಅಳತೆ ಮುಗಿಯಿತು. ದ್ವೀಪವಾಗಲಿ, ಬೆಟ್ಟದ ತುದಿಯಾಗಲಿ, ರಜೆಯಾಗಲಿ, ಆ ಹೊತ್ತು ತಪ್ಪುವಂತಿಲ್ಲ. ವರ್ಗಾವಣೆಯೂ ಇಂಥ ಜಾಗಗಳಿಗೇ ಬರಬಹುದು, ಮನೆಯವರಿಗೆ ಈಗಲೇ ಹೇಳಿಡಿ.

ವಿಮಾನ ನಿಲ್ದಾಣದ ಮೇಜು ನನ್ನ ಮಟ್ಟಿಗೆ ಅತ್ಯಂತ ಕಠಿಣವಾದದ್ದು. ಅಲ್ಲಿ ಟಾಫ್ ಎಂಬ ಸಂಕೇತಭಾಷೆಯ ಮುನ್ಸೂಚನೆ ಬರೆಯುತ್ತಾರೆ. ರನ್‌ವೇ ಸುತ್ತಮುತ್ತ ಯಾವ ಗಂಟೆಯಿಂದ ಯಾವ ಗಂಟೆಗೆ ಎಷ್ಟು ದೂರ ಕಣ್ಣಿಗೆ ಕಾಣುತ್ತದೆ, ಮೋಡದ ತಳ ಎಷ್ಟು ಎತ್ತರದಲ್ಲಿರುತ್ತದೆ ಎಂಬುದೆಲ್ಲ ಅದರಲ್ಲಿರುತ್ತದೆ. ಮಂಜು ಬೀಳುವ ಸಾಧ್ಯತೆ ಇದೆ ಎನ್ನಿ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಸಾಧ್ಯತೆಯ ಅಂಕಿ ಬರೆಯುವುದಾದರೆ 30 ಅಥವಾ 40, ಎರಡೇ. 30ಕ್ಕಿಂತ ಕಡಿಮೆ ಅನಿಸಿದರೆ ಬರೆಯುವಂತಿಲ್ಲ. 50 ಅಥವಾ ಹೆಚ್ಚು ಅನಿಸಿದರೆ ಅದು ಸಾಧ್ಯತೆಯಲ್ಲ, ಆಗುತ್ತದೆ ಎಂದೇ ಬರೆಯಬೇಕು. 'ಆಗಬಹುದು, ಆಗದೇ ಇರಬಹುದು' ಎಂದು ಜಾರಿಕೊಳ್ಳಲು ಜಾಗವೇ ಇಲ್ಲ. ಮಂಜು ಎಂದು ಬರೆದರೆ ಬೇರೆ ನಿಲ್ದಾಣಕ್ಕೆ ಹೋಗಬೇಕಾದೀತೆಂದು ವಿಮಾನಗಳು ಹೆಚ್ಚಿನ ಇಂಧನ ಹೊತ್ತು ಹೊರಡುತ್ತವೆ. ಬರೆಯದೆ ಮಂಜು ಬಿದ್ದರೆ ಅವು ಆಕಾಶದಲ್ಲಿ ಸುತ್ತು ಹೊಡೆಯುತ್ತವೆ.

ಓದಿನ ವಿಷಯ ಬೇಗ ಮುಗಿಸುತ್ತೇನೆ, ನೀವು ಆಗಲೇ ಸರಿಯಾದ ದಾರಿಯಲ್ಲಿದ್ದೀರಿ. ಭೌತಶಾಸ್ತ್ರ, ಗಣಿತ ಬಿಡಬೇಡಿ. ಅವಕಲ ಸಮೀಕರಣ, ಉಷ್ಣಬಲವಿಜ್ಞಾನ, ದ್ರವ-ಅನಿಲಗಳ ಚಲನೆ, ಸಂಖ್ಯಾಶಾಸ್ತ್ರ ಈ ನಾಲ್ಕು ಗಟ್ಟಿಯಾಗಿರಲಿ, ಜೊತೆಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಿರಿ. ವಿಶ್ವ ಹವಾಮಾನ ಸಂಸ್ಥೆ ಈ ವೃತ್ತಿಯಲ್ಲಿ ಎರಡು ದರ್ಜೆ ಗುರುತಿಸಿದೆ: ಪದವಿ ಮಟ್ಟದ ಶಿಕ್ಷಣ ಬೇಕಾದ ಹವಾಮಾನ ತಜ್ಞರು, ಮತ್ತು ವೀಕ್ಷಣೆ, ಉಪಕರಣ ನೋಡಿಕೊಳ್ಳುವ ತಂತ್ರಜ್ಞರು. ಸೇರಿದ ಮೇಲೆ ಇಲಾಖೆಯೇ ತರಬೇತಿ ಕೊಡುತ್ತದೆ. ಪರೀಕ್ಷೆ, ವಯೋಮಿತಿ, ವೇತನ ಶ್ರೇಣಿಯನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಅವು ಬದಲಾಗುತ್ತಿರುತ್ತವೆ, ನೇಮಕಾತಿ ಅಧಿಸೂಚನೆಯನ್ನೇ ನೋಡಿ, ಕೋಚಿಂಗ್ ಸೆಂಟರ್ ಜಾಹೀರಾತನ್ನಲ್ಲ. ಸಂಪಾದಕನಾಗಿ ಇನ್ನೊಂದು ಮಾತು: ಚಿಕ್ಕ ವಾಕ್ಯದಲ್ಲಿ ಬರೆಯಲು ಕಲಿಯಿರಿ. ಮೂರು ಸಲ ಓದಿದರೂ ಅರ್ಥವಾಗದ ಎಚ್ಚರಿಕೆ ಯಾರನ್ನೂ ಉಳಿಸುವುದಿಲ್ಲ.

ಮುನ್ಸೂಚನೆಯೊಂದೇ ಇಲಾಖೆಯಲ್ಲ ಎಂಬುದೂ ತಿಳಿದಿರಲಿ. ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡಬೇಕೆಂದಿದ್ದ ಅಣ್ಣಾ ಮಣಿ 1945ರಲ್ಲಿ ಲಂಡನ್‌ಗೆ ಹೋದಾಗ ಅವರಿಗೆ ಸಿಕ್ಕಿದ್ದು ಹವಾಮಾನ ಉಪಕರಣಗಳ ಅಧ್ಯಯನ. 1948ರಲ್ಲಿ ಭಾರತದ ಹವಾಮಾನ ಇಲಾಖೆ ಸೇರಿ, ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದು ಪ್ರಮಾಣಕ್ಕೆ ತಂದು ಇಲ್ಲೇ ತಯಾರಾಗುವಂತೆ ಮಾಡಿದರು. ಅಳತೆ ತಪ್ಪಿದರೆ ಮುನ್ಸೂಚನೆ ಮಾಡುವುದು ಯಾವುದರ ಮೇಲೆ?

ಗೆಳತಿಯರ ಎಐ ಮಾತಿಗೆ ಬರೋಣ. ಅದು ಬರೀ ಹೆದರಿಕೆಯಲ್ಲ. 2023ರಲ್ಲಿ ಗೂಗಲ್ ಡೀಪ್‌ಮೈಂಡ್‌ನವರ ಗ್ರಾಫ್‌ಕಾಸ್ಟ್ ಎಂಬ ಎಐ ಮಾದರಿ ಹತ್ತು ದಿನದ ಮುನ್ಸೂಚನೆಯನ್ನು ಒಂದು ನಿಮಿಷದೊಳಗೆ ಕೊಟ್ಟಿತು. ಮಧ್ಯಮಾವಧಿ ಮುನ್ಸೂಚನೆಯ ಐರೋಪ್ಯ ಕೇಂದ್ರ 2025ರ ಫೆಬ್ರವರಿಯಲ್ಲಿ ತನ್ನದೇ ಎಐ ಮಾದರಿಯನ್ನು ಹಳೆಯ ಮಾದರಿಯ ಜೊತೆಗೆ ದಿನನಿತ್ಯದ ಬಳಕೆಗೆ ಇಳಿಸಿತು. ಆದರೆ ಗ್ರಾಫ್‌ಕಾಸ್ಟ್ ಪಾಠ ಕಲಿತದ್ದು ಅದೇ ಐರೋಪ್ಯ ಕೇಂದ್ರ ಸಿದ್ಧಪಡಿಸಿದ ದಶಕಗಳ ದಾಖಲೆಯಿಂದ. ಆ ದಾಖಲೆಯೊಳಗೆ ನಾನು ಮೇಲೆ ಹೇಳಿದ ಬಲೂನ್ ಹಾರಿಸುವವರ ರಾತ್ರಿಪಾಳಿಗಳೂ ಸೇರಿವೆ. ಗ್ರಾಫ್‌ಕಾಸ್ಟ್ ಭೂಮಿಯನ್ನು ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತದೆ, ಒಂದೊಂದು ಚೌಕ ಸುಮಾರು 28 ಕಿಲೋಮೀಟರ್ ಅಗಲ. ಗುಡುಗುಮೋಡವೊಂದು ಅದರೊಳಗೆ ಕಾಣದಂತೆ ಅಡಗಬಲ್ಲದು. ಈ ಕೊರತೆ ಕ್ರಮೇಣ ನೀಗುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಉಷ್ಣತೆ ಎಷ್ಟು ಡಿಗ್ರಿ ಎಂದು ಕೈಯಲ್ಲಿ ತುಂಬುವ ಕೆಲಸ ಹೋಗುತ್ತದೆ, ಹೋಗಲಿ. ಎರಡು ಮಾದರಿ ಎರಡು ಹೇಳುವಾಗ ಜಿಲ್ಲಾಡಳಿತಕ್ಕೆ ಫೋನ್ ಮಾಡಿ 'ಊರು ಖಾಲಿ ಮಾಡಿಸಿ' ಎನ್ನಬೇಕೇ ಎಂಬ ತೀರ್ಮಾನಕ್ಕೆ ಹೊಣೆ ಹೊರಲು ಮನುಷ್ಯರೇ ಬೇಕು. ಹುದ್ದೆಗಳ ಸಂಖ್ಯೆ ಕಡಿಮೆಯಾಗಬಹುದು. ಉಳಿದವರ ಮೇಲಿನ ಭಾರ ಕಡಿಮೆಯಾಗುವುದು ನನಗೆ ಕಾಣುತ್ತಿಲ್ಲ.

ಅಧಿಸೂಚನೆ ಬರುವ ತನಕ ಒಂದು ನೋಟ್‌ಬುಕ್ ಇಡಿ. ನಾಳೆ ಮಳೆ ಬರುವ ಸಾಧ್ಯತೆ ಎಷ್ಟು ಎಂದು ಪ್ರತಿದಿನ ಸಂಜೆ, ಬೇರೆಯವರ ಮುನ್ಸೂಚನೆ ನೋಡದೆ, 0ಯಿಂದ 1ರೊಳಗೆ ಬರೆಯಿರಿ. ಮಾರನೇ ದಿನ ಬಂದರೆ 1, ಬಾರದಿದ್ದರೆ 0. ಎರಡರ ವ್ಯತ್ಯಾಸದ ವರ್ಗ ಮಾಡಿ. 0.7 ಎಂದು ಬರೆದು ಮಳೆ ಬಂದರೆ 0.09, ಬಾರದಿದ್ದರೆ 0.49. ಎಲ್ಲ ದಿನಗಳ ಸರಾಸರಿ ತೆಗೆಯಿರಿ. ಇದನ್ನು 1950ರಲ್ಲಿ ಕೊಟ್ಟವರು ಅಮೆರಿಕದ ಹವಾಮಾನ ಇಲಾಖೆಯವರೇ ಆದ ಗ್ಲೆನ್ ಬ್ರಯರ್. ಕಡಿಮೆ ಬಂದಷ್ಟೂ ಒಳ್ಳೆಯದು. ದಿನವೂ ಕಣ್ಣು ಮುಚ್ಚಿ 0.5 ಬರೆದರೂ 0.25 ಬರುತ್ತದೆ, ನಿಮ್ಮದು ಅದಕ್ಕಿಂತ ಕೆಳಗಿಳಿಯಬೇಕು. ಇದನ್ನು ಮಳೆ ಬಂದು ಹೋಗಿ ಮಾಡುವ ತಿಂಗಳಲ್ಲೇ ಮಾಡಿ. ಒಣ ತಿಂಗಳಲ್ಲಿ ದಿನಾ ಸೊನ್ನೆ ಬರೆದು ಒಳ್ಳೆಯ ಅಂಕ ತೆಗೆಯಲು ಯಾರಿಗಾದರೂ ಬರುತ್ತದೆ.

ಸಂಪಾದಕ