ಸ್ಟೇಡಿಯಮ್ಮೋ, ಮ್ಯೂಸಿಯಮ್ಮೋ?

ಪ್ರಶ್ನೆ: ಮುಂದಿನ ತಿಂಗಳು ನಮಗೆ ಮ್ಯಾಂಚೆಸ್ಟರ್‌ನಲ್ಲಿ ಅರ್ಧ ದಿನ ಸಿಗುತ್ತದೆ. 14 ವರ್ಷದ ಮಗಳು ಶಾಲಾ ತಂಡದಲ್ಲಿ ಲೆಫ್ಟ್ ವಿಂಗ್ ಆಡುತ್ತಾಳೆ. ಅಲ್ಲಿನ ನ್ಯಾಷನಲ್ ಫುಟ್‌ಬಾಲ್ ಮ್ಯೂಸಿಯಂ ನೋಡೋಣ ಅಂದರೆ, 'ಗಾಜಿನ ಪೆಟ್ಟಿಗೇಲಿ ಏನಿದೆ ನೋಡೋಕೆ, ಸ್ಟೇಡಿಯಂಗೇ ಹೋಗೋಣ' ಅಂತಾರೆ ನಮ್ಮ ಯಜಮಾನರು. ಯಾವುದು ಮೇಲು? ಮರಡೋನಾ ಅಂಗಿ ಅಲ್ಲೇ ಇದೆಯಾ?

ಉತ್ತರ: ಅಂಗಿಯ ಆಸೆ ಬಿಡಿ. 1986ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಕೈಯಿಂದ ಗೋಲು ಹೊಡೆದ ದಿನ ತೊಟ್ಟಿದ್ದ ಆ ಅಂಗಿ ಬಹಳ ವರ್ಷ ಅಲ್ಲಿತ್ತು, ಆದರೆ ಎರವಲಿಗೆ. ಮಾಲೀಕ, ಅಂದು ಇಂಗ್ಲೆಂಡ್ ಪರ ಆಡಿದ್ದ ಸ್ಟೀವ್ ಹಾಡ್ಜ್, 2022ರಲ್ಲಿ ಹರಾಜಿಗೆ ಇಟ್ಟರು. 71 ಲಕ್ಷ ಪೌಂಡಿಗೂ ಜಾಸ್ತಿಗೆ ಹೋಯಿತು.

ಆದರೂ ನನ್ನ ಓಟು ಮ್ಯೂಸಿಯಂಗೇ. ವರ್ಷಗಟ್ಟಲೆ ಸೀಟಿ ಊದಿದವನು ನಾನು, ಹಾಗಾಗಿ ಸ್ವಲ್ಪ ಪಕ್ಷಪಾತ ಇರಬಹುದು. ನಾನು ಹೋದಾಗ ಎಲ್ಲಕ್ಕಿಂತ ಜಾಸ್ತಿ ಹೊತ್ತು ನಿಂತದ್ದು ಒಂದು ಹಳೇ ಪುಸ್ತಕದ ಮುಂದೆ. 1863ರಲ್ಲಿ ಇಂಗ್ಲೆಂಡಿನಲ್ಲಿ ಈ ಆಟ ನಡೆಸುವ ಸಂಸ್ಥೆಯಾದ ಫುಟ್‌ಬಾಲ್ ಅಸೋಸಿಯೇಷನ್ನಿನ ಮೊದಲ ಕಾರ್ಯದರ್ಶಿ ಎಬೆನೆಜರ್ ಕಾಬ್ ಮಾರ್ಲಿ ಕೈಬರಹದಲ್ಲಿ ಬರೆದ ಆಟದ ನಿಯಮಗಳು. ಒಟ್ಟು 13, ಅಷ್ಟೇ. ಗೋಲಿಗೆ ಎರಡು ಕಂಬ ಉಂಟು, ಮೇಲೆ ಅಡ್ಡಪಟ್ಟಿ ಇಲ್ಲ. ಕಂಬಗಳ ನಡುವೆ ಎಷ್ಟೇ ಎತ್ತರದಲ್ಲಿ ಹೋದರೂ ಗೋಲೇ! ಬೂಟಿನಡಿ ಚಾಚಿಕೊಂಡ ಮೊಳೆ ಇರಬಾರದು ಅನ್ನೋದು ಕೊನೆಯ ನಿಯಮ. ಹುಡುಕಿ ಹುಡುಕಿ ನೋಡಿ, ರೆಫರಿ ಅನ್ನೋ ಮಾತೇ ಇಲ್ಲ. ಸಜ್ಜನರು ಜಗಳವನ್ನು ತಾವೇ ತೀರಿಸಿಕೊಳ್ಳುತ್ತಾರೆ ಅಂತ ನಂಬಿದ್ದರು, ಪಾಪ.

1966ರ ವಿಶ್ವಕಪ್ ಫೈನಲ್‌ನ ಕಿತ್ತಳೆ ಬಣ್ಣದ ಚೆಂಡೂ ಅಲ್ಲಿದೆ. ಮೂರು ಗೋಲಿನ ಹ್ಯಾಟ್ರಿಕ್ ಹೊಡೆದ ಇಂಗ್ಲೆಂಡಿನ ಜೆಫ್ ಹರ್ಸ್ಟ್‌ಗೆ ಸಿಗಬೇಕಿದ್ದ ಚೆಂಡನ್ನು ಸೋತ ಜರ್ಮನಿಯ ಹೆಲ್ಮುಟ್ ಹಾಲರ್ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋಗಿಬಿಟ್ಟಿದ್ದರು. ವಾಪಸ್ ಬಂದದ್ದು 1996ರಲ್ಲಿ.

ಆದರೆ ನಿಮ್ಮ ಮಗಳನ್ನು ಮೊದಲು ಲಿಲಿ ಪಾರ್ ಪ್ರತಿಮೆ ಹತ್ತಿರ ಕರೆದುಕೊಂಡು ಹೋಗಿ. ಕಂಚಿನದು, 2019ರಲ್ಲಿ ಮಾಡಿಸಿದ್ದು. ಈಕೆಯೂ ಲೆಫ್ಟ್ ವಿಂಗ್! ಹದಿಹರೆಯದಲ್ಲೇ ಪ್ರೆಸ್ಟನ್ನಿನ ಡಿಕ್, ಕೆರ್ ಕಾರ್ಖಾನೆಯ ಹೆಣ್ಣುಮಕ್ಕಳ ತಂಡ ಸೇರಿದವಳು. ಮೊದಲ ಮಹಾಯುದ್ಧದ ಹೊತ್ತಿಗೆ ಮದ್ದುಗುಂಡು ಮಾಡುತ್ತಿದ್ದ ಹುಡುಗಿಯರು ಕಟ್ಟಿದ ತಂಡ ಅದು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಅವರ ಆಟಕ್ಕೆ ಸುಮಾರು 53,000 ಜನ ಸೇರಿದ್ದರು. ಮರುವರ್ಷ ಡಿಸೆಂಬರ್‌ನಲ್ಲಿ ಫುಟ್‌ಬಾಲ್ ಅಸೋಸಿಯೇಷನ್, ಈ ಆಟ ಹೆಂಗಸರಿಗೆ ಸಲ್ಲ ಅಂತ ತನ್ನ ಕ್ಲಬ್ಬುಗಳ ಮೈದಾನಗಳ ಬಾಗಿಲು ಹಾಕಿಬಿಟ್ಟಿತು. ಆ ಬಾಗಿಲು ತೆರೆಯಲು ಸುಮಾರು 50 ವರ್ಷ ಬೇಕಾಯಿತು. ಇದನ್ನು ಸ್ಟೇಡಿಯಂ ಟೂರ್‌ನಲ್ಲಿ ಯಾರು ಹೇಳ್ತಾರೆ, ಅಲ್ವಾ?

ಮ್ಯೂಸಿಯಂ ಇರೋದು ವಿಕ್ಟೋರಿಯಾ ಸ್ಟೇಷನ್‌ನಿಂದ ನಾಲ್ಕು ಹೆಜ್ಜೆ ದೂರದ ಅರ್ಬಿಸ್ ಅನ್ನೋ ಗಾಜಿನ ಕಟ್ಟಡದಲ್ಲಿ. ಟ್ಯಾಕ್ಸಿ ಬೇಡ. ಪೆನಾಲ್ಟಿ ಹೊಡೆಯುವ ಆಟವೂ ಒಳಗಿದೆ, ಯಜಮಾನರನ್ನು ಅಲ್ಲಿ ಬಿಡಿ.