ಹುಲಿ ವೇಷ ಹಾಕ್ಲಿಕ್ಕುಂಟು, ಹೊಟ್ಟೆ ಇಳೀಬೇಕು, ಎಂತ ತಿನ್ಲಿ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ವಿಷಯದ್ದು, ಸಿಕ್ಸ್ ಪ್ಯಾಕ್. ಅದ್ರಲ್ಲಿ ನಾಲ್ಕು ತೆಗೊಂಡಿದ್ದೇನೆ. ಮೊದಲನೇದಕ್ಕೆ ಉದ್ದ ಉತ್ತರ ಬರೀಲೇಬೇಕಾಯ್ತು, ಯಾಕಂದ್ರೆ ಆ ಹುಡುಗ ಮಾಡ್ಲಿಕ್ಕೆ ಹೊರಟದ್ದರಲ್ಲಿ ಒಂದು ವಿಷಯ ಓದಿ ನಂಗೆ ನಿಜವಾಗಿ ಹೆದರಿಕೆ ಆಯ್ತು.

ಪ್ರಶ್ನೆ: ಮೇಡಂ, ನಂಗೆ 24 ವರ್ಷ, 72 ಕೆಜಿ, 5 ಅಡಿ 8 ಇಂಚು. ಈ ದಸರಾಕ್ಕೆ ಮೊದಲ ಸಲ ನಮ್ಮ ತಂಡದಲ್ಲಿ ಹುಲಿ ವೇಷ ಹಾಕ್ಲಿಕ್ಕುಂಟು. ಆರು ತಿಂಗಳಿಂದ ಜಿಮ್ಮಿಗೆ ಹೋಗ್ತಿದ್ದೇನೆ, ದಿನಾ 200 ಕ್ರಂಚಸ್ ಹೊಡೀತೇನೆ, ಕೈ ಭುಜ ಬಂದಿದೆ ಆದ್ರೆ ಹೊಟ್ಟೆ ಹಾಗೇ ಉಂಟು. ಜಿಮ್ಮಿನ ಮೆಷಿನ್ 22% ಫ್ಯಾಟ್ ತೋರಿಸ್ತದೆ. ಈಗ ಅನ್ನ ಪೂರ್ತಿ ಬಿಟ್ಟಿದ್ದೇನೆ, ರಾತ್ರಿ ಬರೀ ಸೌತೆಕಾಯಿ. ವೇಷದ ಮುಂಚೆ ಎರಡು ದಿನ ನೀರು ಬಿಟ್ರೆ ಪ್ಯಾಕ್ ಎದ್ದು ಕಾಣ್ತದೆ ಅಂತ ಫ್ರೆಂಡ್ ಹೇಳ್ತಾನೆ, ಹೌದಾ? ವ್ರತದ ದಿನಗಳಲ್ಲಿ ನಾವು ಮೀನು ಮಾಂಸ ಮುಟ್ಟುದಿಲ್ಲ.
ಸುರತ್ಕಲ್‌ನಿಂದ ಒಬ್ಬ ಓದುಗ

ಉತ್ತರ: ಮೊದಲು ನೀರಿನ ವಿಷಯ. ದಯವಿಟ್ಟು ಆ ಕೆಲಸ ಮಾಡ್ಬೇಡಿ. ಸ್ಟೇಜ್ ಮೇಲೆ ಎರಡು ನಿಮಿಷ ನಿಂತು ಪೋಸ್ ಕೊಟ್ಟು ಇಳಿಯುವವರೂ ನೀರು ಬಿಟ್ಟು ಆಸ್ಪತ್ರೆ ಸೇರಿದ್ದುಂಟು, ನೀವು ಮೈತುಂಬ ಬಣ್ಣ ಹಚ್ಚಿಕೊಂಡು ತಾಸೆ ವಾದ್ಯದ ಪೆಟ್ಟಿಗೆ ಗಂಟೆಗಟ್ಟಲೆ ಕುಣೀಲಿಕ್ಕುಂಟು. ಬಣ್ಣದ ಪದರ ಇರುವಾಗ ಬೆವರು ಆರಿ ಮೈ ತಂಪಾಗುದು ಕಷ್ಟ, ಒಳಗಿನ ಬಿಸಿ ಒಳಗೇ ಉಳೀತದೆ, ಅದ್ರ ಮೇಲೆ ಮಧ್ಯಾಹ್ನದ ಬಿಸಿಲು. ಕೆಲವು ವರ್ಷ ಹಿಂದೆ ಮೆರವಣಿಗೆಯಲ್ಲಿ ಒಬ್ಬ ಹುಡುಗ ಹಾಗೇ ಕುಸಿದು ಬಿದ್ದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಅಂಗಡಿ ಜಗಲಿಯ ನೆರಳಲ್ಲಿ ಮಲಗಿಸಿ ನೀರು ಹಾಕಿದ್ದು, ಕಣ್ಣು ಬಿಡ್ಲಿಕ್ಕೆ ಎಷ್ಟೋ ಹೊತ್ತು ಹಿಡೀತು, ಆ ಮುಖ ನಂಗೆ ಇನ್ನೂ ಮರೆತಿಲ್ಲ.

ಇನ್ನೊಂದು, ನೀರು ಬಿಟ್ರೆ ಪ್ಯಾಕ್ ಕಾಣ್ತದೆ ಅನ್ನುವ ಲೆಕ್ಕವೇ ತಪ್ಪು. ಸ್ನಾಯುವಿನ ತೂಕದಲ್ಲಿ ಮುಕ್ಕಾಲು ಭಾಗ ನೀರೇ. ಅನ್ನ ತಿಂದದ್ದು ಗ್ಲೈಕೋಜನ್ ಆಗಿ ಸ್ನಾಯುವಲ್ಲಿ ಕೂರುವಾಗ ಒಂದು ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡ್ಕೊಳ್ತದೆ, ಅದಕ್ಕೇ ಸ್ನಾಯು ತುಂಬಿಕೊಂಡ ಹಾಗೆ ಕಾಣುದು. ಅನ್ನವೂ ಇಲ್ಲ ನೀರೂ ಇಲ್ಲ ಅಂದ್ರೆ ಸ್ನಾಯು ಚಪ್ಪಟೆ ಆಗಿ ಬಿಡ್ತದೆ, ಗಾಳಿ ಹೋದ ಬಲೂನಿನ ಹಾಗೆ. ವೇಷದ ದಿನ ಬೆಳಿಗ್ಗೆ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ ಉಪ್ಪು ಹಾಕಿ, ಜೊತೆಗೆ ಉಪ್ಪಿನಕಾಯಿ ಮತ್ತು ಮೊಸರು, ಎರಡು ಬಾಳೆಹಣ್ಣು, ಮತ್ತೆ ಕುಣಿತದ ನಡುವೆ ಎಳನೀರು ಇಲ್ಲದಿದ್ರೆ ಓಆರ್‌ಎಸ್. ಇಷ್ಟು ಮಾಡಿದ್ರೆ ಕಾಲಿಗೆ ಸೆಳೆತ ಬರುದೂ ಕಮ್ಮಿ. ನೋಡುವ ಜನ ಹುಲಿಯ ಹೊಟ್ಟೆ ಲೆಕ್ಕ ಹಾಕ್ಲಿಕ್ಕೆ ಬರುದಿಲ್ಲ ಮಾರಾಯ್ರೆ, ಹೆಜ್ಜೆ ನೋಡ್ತಾರೆ, ಪಲ್ಟಿ ನೋಡ್ತಾರೆ, ಹುಲ್ಲಲ್ಲಿ ಕಟ್ಟಿದ ಅಕ್ಕಿ ಮುಡಿ ಹಲ್ಲಲ್ಲಿ ಕಚ್ಚಿ ಹಿಂದಕ್ಕೆ ಎಸೆಯುವ ಆ ಕ್ಷಣ ನೋಡ್ತಾರೆ. ಅದಕ್ಕೆ ಬೇಕಾದ ಶಕ್ತಿ ಸೌತೆಕಾಯಿಯಲ್ಲಿ ಇಲ್ಲ.

ಈಗ ಹೊಟ್ಟೆ. ನಿಮ್ಮ 200 ಕ್ರಂಚಸ್ಸಿಂದ ಒಳಗೆ ಸ್ನಾಯು ಆಗಿರಬಹುದು, ಅದ್ರ ಮೇಲೆ ಕೂತ ಕೊಬ್ಬು ಅದ್ರಿಂದ ಕರಗುದಿಲ್ಲ, ಯಾಕಂದ್ರೆ ಯಾವ ಜಾಗದ ಕೊಬ್ಬು ಮೊದಲು ಹೋಗ್ಬೇಕು ಅಂತ ತೀರ್ಮಾನ ಮಾಡುದು ನಾವಲ್ಲ. ಹೆಚ್ಚಿನ ಗಂಡಸರಿಗೆ ಹೊಕ್ಕುಳ ಕೆಳಗಿನದ್ದು ಕಟ್ಟಕಡೆಗೆ ಹೋಗುದು. ಪ್ಯಾಕ್ ಚೆನ್ನಾಗಿ ಕಾಣ್ಬೇಕಾದ್ರೆ ಗಂಡಸರಲ್ಲಿ ಮೈಯ ಕೊಬ್ಬು ಸುಮಾರು 10 ರಿಂದ 14 ಪರ್ಸೆಂಟಿಗೆ ಬರ್ಬೇಕು. ಜಿಮ್ಮಿನ ಮೆಷಿನ್ ಅಷ್ಟು ಕರೆಕ್ಟ್ ಇರುದಿಲ್ಲ, ಆದ್ರೂ 22 ಅಂತಲೇ ಹಿಡೀವ. 72 ಕೆಜಿಯಲ್ಲಿ ಕೊಬ್ಬು ಹತ್ತಿರ ಹತ್ತಿರ 16 ಕೆಜಿ, ಉಳಿದದ್ದು 56. ಆ 56 ರಲ್ಲಿ ಒಂದು ಗ್ರಾಂ ಕೂಡ ಹೋಗದೆ 13 ಪರ್ಸೆಂಟಿಗೆ ಬಂದ್ರೆ ನಿಮ್ಮ ತೂಕ 64 ಚಿಲ್ಲರೆ. ಅಂದ್ರೆ ಏಳೂವರೆ ಕೆಜಿ ಕೊಬ್ಬು ಇಳೀಬೇಕು. ವಾರಕ್ಕೆ 400 ಗ್ರಾಂ ಇಳಿಸಿದ್ರೆ ದಸರಾಕ್ಕೆ ಉಳಿದ ಹದಿನೇಳು ವಾರದಲ್ಲಿ ಆರೂವರೆ ಏಳು ಆಗ್ತದೆ. ಮೇಲಿನ ನಾಲ್ಕು ಕಾಣ್ತದೆ, ಕೆಳಗಿನ ಎರಡು ಕಾಣ್ತದೋ ಇಲ್ವೋ ನಾನು ಮಾತು ಕೊಡುದಿಲ್ಲ. ಇದಕ್ಕಿಂತ ಬೇಗ ಓಡಿದ್ರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗ್ತದೆ, ಆಮೇಲೆ ತೂಕ ಇಳಿದ್ರೂ ಪ್ಯಾಕ್ ಕಾಣುದಿಲ್ಲ, ಕಾಣ್ಲಿಕ್ಕೆ ಅಲ್ಲಿ ಸ್ನಾಯುವೇ ಇರುದಿಲ್ಲ.

ಅಷ್ಟು ಇಳೀಲಿಕ್ಕೆ ದಿನಕ್ಕೆ 400 ರಿಂದ 450 ಕ್ಯಾಲೊರಿ ಕಮ್ಮಿ ತಿಂದ್ರೆ ಸಾಕು. ಒಂದು ಕೆಜಿ ಕೊಬ್ಬಂದ್ರೆ ಸುಮಾರು 7,700 ಕ್ಯಾಲೊರಿ, ಲೆಕ್ಕ ನೀವೇ ಹಾಕಿ ನೋಡಿ. ನಿಮ್ಮ ಮೈಗೆ ತೂಕ ನಿಲ್ಲಿಸ್ಲಿಕ್ಕೆ 2,300 ರಿಂದ 2,400 ಬೇಕಾಗಬಹುದು, ಹಾಗಾಗಿ 1,900 ರಿಂದ 2,000 ದಲ್ಲಿ ಶುರು ಮಾಡಿ. ಆ 400 ಎಲ್ಲಿಂದ ತೆಗೀಬೇಕು ಅನ್ನುದೇ ನಮ್ಮೂರಲ್ಲಿ ದೊಡ್ಡ ವಿಷಯ. ಎಲ್ರೂ ಪಾಪದ ಅನ್ನಕ್ಕೆ ಬೈತಾರೆ, ತೆಂಗಿನಕಾಯಿಯನ್ನು ಯಾರೂ ನೋಡುದಿಲ್ಲ. 100 ಗ್ರಾಂ ಕಾಯಿ ತುರಿಯಲ್ಲಿ 350 ಕ್ಯಾಲೊರಿ, 33 ಗ್ರಾಂ ಕೊಬ್ಬು, ಪ್ರೋಟೀನ್ ಬರೀ ಮೂರು ಗ್ರಾಂ. ತೆಂಗಿನೆಣ್ಣೆ ಒಂದು ದೊಡ್ಡ ಚಮಚಕ್ಕೆ 120. ನಾನು ಕಾಯಿ ಬಿಡಿ ಅಂತ ಹೇಳುವವಳಲ್ಲ, ಕಾಯಿ ಅರೆದು ಮಾಡಿದ ಗಸಿ ಇಲ್ಲದ ಊಟ ನಂಗೂ ಇಳಿಯುದಿಲ್ಲ. ಅಮ್ಮನ ಹತ್ರ ಹೇಳಿ, ಒಂದು ಕಾಯಿ ಹಾಕುವಲ್ಲಿ ಅರ್ಧ ಸಾಕು, ವಾರಕ್ಕೆ ನಾಲ್ಕು ದಿನ ಗಸಿ ಬದಲು ಹುಳಿ ಖಾರದ ಪುಳಿಮುಂಚಿ, ರವಾ ಫ್ರೈ ಬದಲು ಒಂದು ಚಮಚ ಎಣ್ಣೆಯ ತವಾ ಫ್ರೈ, ರವೆ ಎಣ್ಣೆ ಹೀರುವ ಲೆಕ್ಕ ಎಷ್ಟು ಅಂತ ಕಾವಲಿ ನೋಡಿದ್ರೆ ಗೊತ್ತಾಗ್ತದೆ. ಸಂಜೆ ಆಫೀಸ್ ಬಿಟ್ಟು ಬರುವಾಗ ಗೋಳಿಬಜೆ, ಬನ್ಸ್, ಪೋಡಿ, ಅದು ವಾರಕ್ಕೆ ಒಂದೇ ದಿನ ಇರ್ಲಿ. ಶನಿವಾರದ ಬಿಯರ್ ಇದ್ರೆ 650 ಎಂಎಲ್ ಬಾಟ್ಲಿಗೆ 280 ಚಿಲ್ಲರೆ ಕ್ಯಾಲೊರಿ, ಜೊತೆಗೆ ಹೋಗುವ ಚಿಕನ್ ಸುಕ್ಕ ಕೋರಿ ರೊಟ್ಟಿ ಬೇರೆ, ವಾರವಿಡೀ ಕಷ್ಟಪಟ್ಟದ್ದು ಆ ಒಂದು ರಾತ್ರಿಯಲ್ಲಿ ಹೋಗ್ತದೆ.

ಪ್ರೋಟೀನ್ ಮಾತ್ರ ಬಿಡ್ಲಿಕ್ಕಿಲ್ಲ. ಸಾಮಾನ್ಯ ಜನಕ್ಕೆ ಕೆಜಿಗೆ 0.83 ಗ್ರಾಂ ಸಾಕು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕ, ಆದ್ರೆ ಭಾರ ಎತ್ತುವವರಿಗೆ, ಅದೂ ತೂಕ ಇಳಿಸುವಾಗ, 1.6 ರಿಂದ 2.2 ಬೇಕು. ನಿಮಗೆ 120 ಗ್ರಾಂ ಹಿಡೀರಿ. ಬೆಳಿಗ್ಗೆ ಮೂರು ಮೊಟ್ಟೆ, ಮೂರು ನೀರ್ದೋಸೆ, ಅಲ್ಲಿಗೆ 23. ಮಧ್ಯಾಹ್ನ ಒಂದು ಬಟ್ಟಲು ಕುಚ್ಚಲಕ್ಕಿ ಅನ್ನ, ಬಂಗುಡೆ ತಲೆ ಮುಳ್ಳು ಬಿಟ್ಟು 150 ಗ್ರಾಂ ಆಗುವಷ್ಟು, ಪಲ್ಯ, 35. ಸಂಜೆ ಜಿಮ್ಮಿಗೆ ಮುಂಚೆ ಹೆಸರುಕಾಳು ಇಲ್ಲದಿದ್ರೆ ಕಡ್ಲೆ ಉಸ್ಲಿ, ಒಣ ಕಾಳು 50 ಗ್ರಾಂ, ಮತ್ತೆ ಒಂದು ದೊಡ್ಡ ಗ್ಲಾಸ್ ಹಾಲು, 19. ರಾತ್ರಿ ಚಿಕನ್ 150 ಗ್ರಾಂ, ಹುರುಳಿ ಸಾರು, ಸ್ವಲ್ಪ ಅನ್ನ, ಒಂದು ಕಪ್ ಮೊಸರು, ಅದು 43 ಆಯ್ತು. ಡಬ್ಬ ಪೌಡರ್ ಇಲ್ಲದೆ 120. ವ್ರತದ ದಿನಗಳಲ್ಲಿ ಮೀನಿನ ಜಾಗಕ್ಕೆ ಸೋಯಾ ಚಂಕ್ಸ್ 50 ಗ್ರಾಂ, ಅದ್ರಲ್ಲೇ 26 ಗ್ರಾಂ ಬರ್ತದೆ, ಕೋಳಿಯ ಜಾಗಕ್ಕೆ ಪನೀರ್.

ಈಗ ಟ್ರಾಲಿಂಗ್ ಬಂದ್, ಜೂನ್ 1 ರಿಂದ ಜುಲೈ 31 ರ ತನಕ ಯಾಂತ್ರಿಕ ಬೋಟ್ ಕಡಲಿಗಿಳಿಯುದಿಲ್ಲ, ಮೀನಿನ ರೇಟ್ ಕೇಳಿದ್ರೆ ಮಂಡೆ ಬಿಸಿ ಆಗ್ತದೆ. ಈ ಎರಡು ತಿಂಗಳು ಮೊಟ್ಟೆ, ಕೋಳಿ, ಹುರುಳಿಯಲ್ಲಿ ನಡೆಸಿ, ಆಗಸ್ಟಲ್ಲಿ ಬೂತಾಯಿ ಬಂಗುಡೆಗೆ ವಾಪಸ್ ಬನ್ನಿ. ಒಣಮೀನಿನಲ್ಲಿ ಪ್ರೋಟೀನ್ ಭರ್ತಿ ಉಂಟು ಆದ್ರೆ ಉಪ್ಪೂ ಅಷ್ಟೇ, ಅದು ತಿಂದ ಮರುದಿನ ತೂಕ ಒಂದು ಕೆಜಿ ಮೇಲೆ ತೋರಿಸಿದ್ರೆ ಗಾಬರಿ ಬೇಡ, ಅದು ಉಪ್ಪು ಹಿಡಿದಿಟ್ಟ ನೀರು. ಅದಕ್ಕೇ ದಿನದ ತೂಕ ನಂಬ್ಲಿಕ್ಕಿಲ್ಲ. ದಿನಾ ಬೆಳಿಗ್ಗೆ ನೋಡಿ ಬರೆದಿಟ್ಟು ವಾರದ ಸರಾಸರಿ ತೆಗೀರಿ, ಹೊಕ್ಕುಳ ಮೇಲೆ ಟೇಪ್ ಹಿಡಿದು ಸುತ್ತಳತೆಯನ್ನೂ ಬರೆದಿಡಿ. ಎರಡು ವಾರ ಎರಡೂ ಇಳಿಯದಿದ್ರೆ ಮಾತ್ರ ಅನ್ನದಲ್ಲಿ ಇನ್ನೊಂದು ಸೌಟು ಕಮ್ಮಿ ಮಾಡಿ.

ಕ್ರಂಚಸ್ ವಾರಕ್ಕೆ ಎರಡು ಮೂರು ದಿನ ಸಾಕು, ಆ ಸಮಯ ಸ್ಕ್ವಾಟ್, ಡೆಡ್‌ಲಿಫ್ಟ್, ಪುಲ್‌ಅಪ್‌ಗೆ ಕೊಡಿ, ತೂಕ ಇಳೀತಾ ಇದ್ರೂ ಎತ್ತುವ ಭಾರ ಇಳೀಲಿಕ್ಕೆ ಬಿಡ್ಬೇಡಿ. ಮತ್ತೆ ನಿದ್ದೆ, ಏಳು ಗಂಟೆ. ಕಮ್ಮಿ ತಿಂದು ಕಮ್ಮಿ ಮಲಗಿದ್ರೆ ಕರಗುದು ಸ್ನಾಯುವೇ ಹೆಚ್ಚು.

ಪ್ರಶ್ನೆ: ನಂಗೆ 31 ವರ್ಷ, 55 ಕೆಜಿ, ಸಿಸೇರಿಯನ್ ಆಗಿ ಒಂದೂವರೆ ವರ್ಷ. ತೂಕ ಸರಿ ಉಂಟು ಆದ್ರೆ ಹೊಟ್ಟೆ ಮಾತ್ರ ಮುಂದೆ ಬಂದ ಹಾಗೆ ಕಾಣ್ತದೆ. ಪೂರ್ತಿ ಸಸ್ಯಾಹಾರಿ, ಮನೆಯಲ್ಲಿ ಅತ್ತೆ ಚಾತುರ್ಮಾಸ್ಯ ಕಟ್ಟುನಿಟ್ಟಾಗಿ ಮಾಡ್ತಾರೆ, ಅಡುಗೆ ಒಂದೇ. ಪ್ರೋಟೀನ್ ಎಲ್ಲಿಂದ ತರ್ಲಿ?
ಉಡುಪಿಯ ಓದುಗಿ

ಉತ್ತರ: ನಿಮ್ಮದು ಕೊಬ್ಬಿನ ಸಮಸ್ಯೆಯೇ ಅಲ್ಲದಿರಬಹುದು. ಬಸುರಿಯಾಗಿದ್ದಾಗ ಹೊಟ್ಟೆಯ ಎಡ ಬಲ ಸ್ನಾಯು ನಡುವೆ ಬಿಟ್ಕೊಳ್ತದೆ, ಕೆಲವರಿಗೆ ಹೆರಿಗೆ ಆದ ಮೇಲೂ ಅದು ಸೇರುದಿಲ್ಲ. ಅಂಗಾತ ಮಲಗಿ ಮಂಡಿ ಮಡಚಿ ತಲೆ ಸ್ವಲ್ಪ ಎತ್ತಿ, ಹೊಕ್ಕುಳ ಮೇಲೆ ಬೆರಳು ಅಡ್ಡ ಇಟ್ಟು ಒತ್ತಿ ನೋಡಿ. ಎರಡು ಬೆರಳೋ ಅದಕ್ಕಿಂತ ಹೆಚ್ಚೋ ಒಳಗೆ ಹೋದ್ರೆ ಫಿಸಿಯೋಥೆರಪಿಸ್ಟ್ ಹತ್ರ ತೋರಿಸಿ, ಅಲ್ಲಿವರೆಗೆ ಕ್ರಂಚಸ್ ಮಾಡ್ಲೇಬೇಡಿ, ಹೊಟ್ಟೆ ಮಧ್ಯದಲ್ಲಿ ಉಬ್ಬಿ ಬರುದಾದ್ರೆ ಅದು ಇನ್ನೂ ಹಾಳು. ಇದನ್ನು ಹೆರಿಗೆ ಆದ ಪ್ರತಿ ಹೆಂಗಸಿಗೂ ಯಾರಾದ್ರೂ ಮೊದಲೇ ಹೇಳ್ಬೇಕಿತ್ತು ಅಂತ ನಂಗೆ ಪ್ರತಿ ಸಲ ಬೇಜಾರಾಗ್ತದೆ.

ಪ್ರೋಟೀನ್ ನಿಮಗೆ 85 ರಿಂದ 90 ಗ್ರಾಂ ಗುರಿ ಇರ್ಲಿ. ಸಾಮಾನ್ಯ ದಿನದಲ್ಲಿ ಸೋಯಾ ಚಂಕ್ಸ್ 50 ಗ್ರಾಂ, ಪನೀರ್ 100 ಗ್ರಾಂ, ಮೊಸರು 300 ಗ್ರಾಂ, ಬೇಳೆ ಕಾಳು ಒಣ ಲೆಕ್ಕದಲ್ಲಿ 75 ಗ್ರಾಂ, ಉಳಿದದ್ದು ದೋಸೆ ಅನ್ನದಲ್ಲೇ ಬರ್ತದೆ, ಅಲ್ಲಿಗೆ ಆಯ್ತು. ಚಾತುರ್ಮಾಸ್ಯದಲ್ಲಿ ತಿಂಗಳಿಗೊಂದು ಬಿಡುವ ಕಾರಣ ಒಂದೇ ಪಟ್ಟಿ ನಡೆಯುದಿಲ್ಲ. ಶಾಕ ವ್ರತದಲ್ಲಿ ತರಕಾರಿ ಇಲ್ಲ, ಆದ್ರೆ ಹಾಲು ಮೊಸರು ಉಂಟು, ನಿಮ್ಮಲ್ಲಿ ಯಾವ ಬೇಳೆ ನಡೀತದೆ ಅಂತ ಅತ್ತೆಯನ್ನೇ ಕೇಳಿ. ದಧಿ ವ್ರತದಲ್ಲಿ ಮೊಸರಿನ ಜಾಗಕ್ಕೆ ಹಾಲು. ಕ್ಷೀರ ವ್ರತದಲ್ಲಿ ಕಾಳುಗಳ ಮೇಲೆ ಭಾರ ಹಾಕಿ, ವ್ಹೇ ಪೌಡರ್ ಹಾಲಿನದ್ದೇ ಆದ ಕಾರಣ ಆ ತಿಂಗಳು ಮನೆಯವರ ಹತ್ರ ಕೇಳದೆ ಬೆರೆಸ್ಬೇಡಿ. ಕಷ್ಟ ಬರುದು ಕೊನೆಯ ದ್ವಿದಳ ವ್ರತದಲ್ಲಿ, ಬೇಳೆ ಕಾಳು ಸೋಯಾ ಎಲ್ಲ ಬಂದ್, ಆಗ ಪನೀರ್ ಮೊಸರು ಹಾಲು ಮತ್ತು ಒಂದು ಸ್ಕೂಪ್ ವ್ಹೇ ಇದ್ರೆ ದಾಟಬಹುದು. ಮಗುವಿಗೆ ಇನ್ನೂ ಎದೆಹಾಲು ಕೊಡ್ತಿದ್ರೆ ಊಟ ಕಡಿತ ಮಾಡ್ಲಿಕ್ಕೆ ಹೋಗ್ಬೇಡಿ. ಹೆಂಗಸರಿಗೆ 18 ರಿಂದ 22 ಪರ್ಸೆಂಟಲ್ಲೇ ಹೊಟ್ಟೆಯ ಗೆರೆ ಕಾಣ್ತದೆ, ಅದಕ್ಕಿಂತ ಕೆಳಗೆ ಎಳೆದು ಮುಟ್ಟು ತಪ್ಪಿದ್ರೆ ಅದು ಮೈ ಕೊಡುವ ಎಚ್ಚರಿಕೆ, ಕೂಡ್ಲೇ ಊಟ ಹೆಚ್ಚು ಮಾಡಿ ಡಾಕ್ಟ್ರನ್ನು ನೋಡಿ.

ಪ್ರಶ್ನೆ: ಪ್ರೋಟೀನ್ ಪೌಡರಿಂದ ಕಿಡ್ನಿ ಹೋಗ್ತದೆ ಅಂತ ಮನೆಯಲ್ಲಿ ಗಲಾಟೆ. ಜಿಮ್ಮಲ್ಲಿ ಒಬ್ರು ಪೌಡರ್ ಬೇಡ, ಎರಡು ತಿಂಗಳ ಇಂಜೆಕ್ಷನ್ ಕೋರ್ಸ್ ಮಾಡು, ಕಟಿಂಗ್ (ಕೊಬ್ಬು ಇಳಿಸುದು) ಬೇಗ ಆಗ್ತದೆ ಅಂತಾರೆ. ಯಾವುದು ಒಳ್ಳೇದು?
ಓದುಗ, ಕಾವೂರು

ಉತ್ತರ: ಹಾಲು ಒಡೆದು ಪನೀರ್ ತೆಗೆದ ಮೇಲೆ ಉಳಿಯುವ ತಿಳಿನೀರು ಉಂಟಲ್ಲ, ಅದ್ರ ಪ್ರೋಟೀನನ್ನು ಒಣಗಿಸಿದ್ದೇ ವ್ಹೇ. ಆರೋಗ್ಯವಾಗಿರುವ ಕಿಡ್ನಿಗೆ ಒಂದು ಸ್ಕೂಪಿನಿಂದ ಏನೂ ಆಗುದಿಲ್ಲ. ಕಿಡ್ನಿಯ ತೊಂದರೆ ಮೊದಲೇ ಇದ್ರೆ, ಶುಗರ್ ಬಿಪಿ ಇದ್ರೆ, ಕಿಡ್ನಿ ಹೇಗೆ ಕೆಲಸ ಮಾಡ್ತದೆ ಅಂತ ನೋಡುವ ರಕ್ತದ ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿ ಡಾಕ್ಟ್ರ ಹತ್ರ ಕೇಳಿಯೇ ಶುರು ಮಾಡಿ. ಡಬ್ಬದ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆ) ಲೈಸೆನ್ಸ್ ನಂಬರ್ ನೋಡಿ, ಬಿಡಿಯಾಗಿ ಕವರಲ್ಲಿ ತುಂಬಿ ಕೊಡುವುದನ್ನು ತೆಗೊಳ್ಬೇಡಿ. ಭಾರ ಎತ್ತುವವರು ತೆಗೊಳ್ಳುವ ಇನ್ನೊಂದು ಪುಡಿ ಕ್ರಿಯಾಟಿನ್ ಮೊನೊಹೈಡ್ರೇಟ್ ದಿನಕ್ಕೆ 3 ರಿಂದ 5 ಗ್ರಾಂ ತೆಗೊಳ್ಳಬಹುದು, ಅದು ಆ ಟೆಸ್ಟಲ್ಲಿ ಕ್ರಿಯಾಟಿನಿನ್ ಸ್ವಲ್ಪ ಹೆಚ್ಚು ತೋರಿಸ್ತದೆ, ಡಾಕ್ಟ್ರಿಗೆ ಮೊದಲೇ ಹೇಳಿಡಿ.

ಇಂಜೆಕ್ಷನ್ ಬೇಡ, ಅಂಥ ಕೋರ್ಸಲ್ಲಿ ಕೊಡುದು ಹೆಚ್ಚಾಗಿ ಸ್ಟೆರಾಯ್ಡ್. ಹೊರಗಿಂದ ಸ್ಟೆರಾಯ್ಡ್ ಬಂದಾಗ ಮೈ ತನ್ನದೇ ಟೆಸ್ಟೊಸ್ಟೆರಾನ್ ಮಾಡುದನ್ನು ನಿಲ್ಲಿಸ್ತದೆ, ವೀರ್ಯಾಣು ಇಳೀತದೆ, ಒಳ್ಳೆ ಕೊಲೆಸ್ಟ್ರಾಲ್ ಕುಸೀತದೆ, ಹೃದಯದ ಗೋಡೆ ದಪ್ಪ ಆಗ್ತದೆ. ಕಟಿಂಗಿಗೆ ಅಂತ ಕೊಡುವ ಥೈರಾಯ್ಡ್ ಮಾತ್ರೆಯೂ ಹಾಗೇ, ಕೊಬ್ಬಿನ ಜೊತೆ ಸ್ನಾಯುವನ್ನೂ ತಿಂತದೆ, ಎದೆಬಡಿತ ತಪ್ಪಿಸ್ತದೆ. ನಿಮಗೆ ಅದನ್ನು ಹೇಳಿದವರು ಎಷ್ಟೇ ಪ್ರೀತಿಯಿಂದ ಹೇಳಿರ್ಲಿ, ಬೇಡ ಅಂತ ಹೇಳಿ ಜಿಮ್ ಬದಲಾಯಿಸಿ.

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದೇನೆ, 16 ವರ್ಷ, 49 ಕೆಜಿ. ಕಾಲೇಜು ಶುರುವಾಗುವ ಮೊದಲು ಸಿಕ್ಸ್ ಪ್ಯಾಕ್ ಬೇಕು, ಮಧ್ಯಾಹ್ನದ ಊಟ ಬಿಟ್ಟಿದ್ದೇನೆ.
ಮಲ್ಪೆ

ಉತ್ತರ: ಮಗಾ, ಇವತ್ತೇ ಮಧ್ಯಾಹ್ನದ ಊಟ ಶುರು ಮಾಡು. ನೀನು ಇನ್ನೂ ಉದ್ದ ಆಗುವ ವಯಸ್ಸಲ್ಲಿದ್ದಿ, ಎಲುಬು ಗಟ್ಟಿಯಾಗುದೂ ಈಗಲೇ. 49 ಕೆಜಿಗೆ ಇಳಿಸ್ಲಿಕ್ಕೆ ಏನೂ ಇಲ್ಲ, ಏರಿಸ್ಲಿಕ್ಕೆ ಉಂಟು. ಮೂರು ಹೊತ್ತು ಹೊಟ್ಟೆ ತುಂಬ ಅನ್ನ ಮೀನು, ದಿನಕ್ಕೆ ಎರಡು ಮೊಟ್ಟೆ, ಎರಡು ಗ್ಲಾಸ್ ಹಾಲು, ಸಂಜೆ ನೆಲಗಡ್ಲೆ ಬೇಯಿಸಿದ್ದು ಒಂದು ಹಿಡಿ. ದಿನ ಬಿಟ್ಟು ದಿನ ಪುಷ್‌ಅಪ್, ಪುಲ್‌ಅಪ್, ಬಸ್ಕಿ, ಸಂಜೆ ಬೀಚಲ್ಲಿ ವಾಲಿಬಾಲೋ ಕಬಡ್ಡಿಯೋ. ಊಟ ಬಿಟ್ಟ ವಿಷಯ ಅಮ್ಮನಿಗೆ ಹೇಳಿದ್ದೀಯಾ? ಹೇಳದಿದ್ರೆ ಇವತ್ತು ರಾತ್ರಿ ಹೇಳು. ಊಟ ಮಾಡ್ಬೇಕು ಅಂತ ಇದ್ರೂ ತಟ್ಟೆ ಮುಂದೆ ಕೂತಾಗ ಹೆದರಿಕೆ ಆಗ್ತಿದ್ರೆ ಅದನ್ನೂ ಹೇಳು, ಡಾಕ್ಟ್ರ ಹತ್ರ ಒಟ್ಟಿಗೆ ಹೋಗಿ ಬನ್ನಿ, ನಂಗೂ ಇನ್ನೊಂದು ಪತ್ರ ಬರಿ.